ಹೆಜ್ಜೆಯ ಭಾರ

ಗುಲ್ಮರ್ಗ್‌ನ ಗಾಲ್ಫ್ ಮೈದಾನದ ಹಿಮದಲ್ಲಿ ಎರಡು ಗೀರುಗಳು ಜೋಡಿಯಾಗಿ ಹೋಗಿದ್ದವು. ಬೆರಳ ಗಂಟಿನಷ್ಟು ಆಳ, ಅಂಚು ಒಂಚೂರೂ ಮುರಿದಿರಲಿಲ್ಲ. ಮೈದಾನದ ನಡುವಿನ ದಿಬ್ಬ ಹತ್ತಿ, ಆಚೆ ಇಳಿದು, ಫರ್ ಮರಗಳ ಅಂಚನ್ನು ಬಳಸಿ, ಮತ್ತೆ ನಾವು ನಿಂತಲ್ಲಿಗೇ ಬಂದು ಸೇರುತ್ತಿದ್ದವು. 2024ರ ಫೆಬ್ರುವರಿ ಕೊನೆ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ಆಗಷ್ಟೇ ಮುಗಿದಿತ್ತು. ಅಭ್ಯಾಸಕ್ಕೆಂದು ಉಳಿದ ಹುಡುಗ ಹುಡುಗಿಯರು ಇನ್ನೂ ಅಲ್ಲಿದ್ದರು. ಅಕ್ಕನ ಮಗ ಬಗ್ಗಿ ಗೀರಿನ ಮೇಲೆ ಕೈಯಾಡಿಸಿ, “ಇಲ್ಲ್ ಕಾಣಿ ಮಾವ, ಇದ್ ಕ್ರಾಸ್ ಕಂಟ್ರಿಯವ್ರದ್ದ್” ಎಂದ.

ಸಿನಿಮಾದಲ್ಲಿ ಕಾಣುವ ಸ್ಕೀಯಿಂಗ್ ಬೇರೆ. ಅಲ್ಲಿ ಮೇಲಕ್ಕೆ ಹೋಗುವ ಕೆಲಸ ಯಂತ್ರದ್ದು, ಕೆಳಗೆ ಜಾರುವುದಷ್ಟೇ ಮನುಷ್ಯನದು. ಕ್ರಾಸ್ ಕಂಟ್ರಿಯಲ್ಲಿ ಏರು, ಇಳಿಜಾರು, ಸಪಾಟು ಎಲ್ಲವನ್ನೂ ಸ್ವಂತ ಕಾಲು ತೋಳುಗಳ ಬಲದಲ್ಲೇ ದಾಟಬೇಕು. ಸ್ಕೀ ಪಟ್ಟಿ ಕಿರಿದು, ಹಗುರ. ಬೂಟಿನ ಮೂತಿ ಮಾತ್ರ ಪಟ್ಟಿಗೆ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ಬಿಡುವಾಗಿ ಏಳುತ್ತದೆ. ಪಾದದ ಅಡಿಗೆ ಪಟ್ಟಿ ಸ್ವಲ್ಪ ಕಮಾನಾಗಿ ಬಾಗಿರುತ್ತದೆ. ಆ ಜಾಗಕ್ಕೆ ಅಂಟುವ ಮೇಣ ಹಚ್ಚುತ್ತಾರೆ, ಇಲ್ಲವೇ ಹಿಂದಕ್ಕೆ ಜಾರದಂತೆ ಗೆರೆ ಕೊರೆದಿರುತ್ತಾರೆ. ಮೈಭಾರ ಹಾಕಿದಾಗ ಪಟ್ಟಿ ಹಿಮವನ್ನು ಹಿಡಿಯುತ್ತದೆ, ಭಾರ ತೆಗೆದರೆ ಬಿಡುತ್ತದೆ. ಹಿಡಿಯುವುದು, ಬಿಡುವುದು, ಜಾರುವುದು. ದಿಬ್ಬದ ಬಳಿ ಒಬ್ಬ ಹುಡುಗಿ ಹಾಗೆ ಹೋಗುತ್ತಿದ್ದುದನ್ನು ನಾನು ತುಂಬಾ ಹೊತ್ತು ನೋಡಿದೆ. ಅವಳ ಉಸಿರು ಬಿಳಿಯಾಗಿ ಹಿಂದೆ ಉಳಿಯುತ್ತಿತ್ತು. ಏರಿನಲ್ಲೂ ಅವಳ ಲಯ ತಪ್ಪಲಿಲ್ಲ.

ಮಳೆಯೂರಿನ ನಮಗೆ ಈ ಆಟದ ಜೊತೆ ಎಂಥ ನಂಟು ಎಂದು ಕೇಳುವವರಿಗೆ ಹೇಳಲೇಬೇಕಾದ ಸಂಗತಿಯೊಂದಿದೆ. ಗುಲ್ಮರ್ಗ್‌ನಲ್ಲಿ ಸೇನೆಯ ಸ್ಕೀ ಶಾಲೆ ಶುರು ಮಾಡಿಸಿದವರು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ. 1948ರ ನವೆಂಬರ್ 1ರಂದು ಅವರು ಜೋಜಿಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸಿದ್ದು ಎಲ್ಲರೂ ಬಲ್ಲ ಕಥೆ. ಅದರ ಮರುತಿಂಗಳೇ, ಡಿಸೆಂಬರಿನಲ್ಲಿ, ಹಿಮದಲ್ಲಿ ಓಡಾಡಲು ಸೈನಿಕರಿಗೆ ಕಲಿಸುವ ಶಾಲೆಯನ್ನು ಇಲ್ಲಿ ತೆರೆದರು. 1962ರಲ್ಲಿ ಅದೇ ಎತ್ತರ ಪ್ರದೇಶದ ಯುದ್ಧತರಬೇತಿ ಶಾಲೆಯಾಯಿತು, ಈಗಲೂ ಇದೆ. ಮುಕ್ಕಾಲು ಶತಮಾನ ಕಳೆದ ಮೇಲೆ ಅದೇ ಕೊಡಗಿನಿಂದ ಭವಾನಿ ತೆಕ್ಕಡ ನಂಜುಂಡ ಬಂದರು. ಎನ್‌ಸಿಸಿ, ಪರ್ವತಾರೋಹಣ, ಆಮೇಲೆ ಕ್ರಾಸ್ ಕಂಟ್ರಿ. ನಾವು ಹೋಗುವ ಮೊದಲಷ್ಟೇ ಮುಗಿದ ಆ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು ಅವರು. 2025ರ ಸೆಪ್ಟೆಂಬರಿನಲ್ಲಿ ಚಿಲಿ ದೇಶದ ಕೊರಾಲ್ಕೊದಲ್ಲಿ 5 ಕಿಲೋಮೀಟರ್ ಓಟದ ಕಂಚು ಗೆದ್ದು, ಕ್ರಾಸ್ ಕಂಟ್ರಿಯಲ್ಲಿ ಅಂತರರಾಷ್ಟ್ರೀಯ ಪದಕ ಪಡೆದ ಭಾರತದ ಮೊದಲ ಮಹಿಳೆಯಾದರು. ಕಾಫಿ ತೋಟದ ನಾಡಿನ ಹೆಣ್ಣುಮಗಳು ಹಿಮದ ಆಟದಲ್ಲಿ ದೇಶಕ್ಕೇ ಮೊದಲಿಗಳಾದದ್ದು ನನಗೆ ಬಹಳ ದೊಡ್ಡ ವಿಷಯ. ನಮ್ಮ ಶಾಲೆಗಳಲ್ಲಿ ಈ ಹೆಸರು ಇನ್ನೂ ಕೇಳಿಸುತ್ತಿಲ್ಲ, ಕೇಳಿಸಬೇಕು.

ಗುಲ್ಮರ್ಗ್‌ನಿಂದ 13 ಕಿಲೋಮೀಟರ್ ಕೆಳಗೆ ತಂಗ್‌ಮರ್ಗ್. ಅದರ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ಬಿಡಾರ. ನಮ್ಮನ್ನು ಕಾಡಿಗೆ ಕರೆದೊಯ್ಯಲು ಒಪ್ಪಿದ್ದವರ ಮನೆಯೇ ಅದು. ಐವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಅಕ್ಕನ ಮಗ ಅವರನ್ನು ಚಾಚಾ ಎಂದು ಕರೆದ, ಅದೇ ರೂಢಿಯಾಯಿತು. ಅವರ ತಾಯಿ ಫೆರನ್ ಎಂಬ ನಿಲುವಂಗಿಯೊಳಗೆ ಕಾಂಗ್ರಿ ಎಂಬ ಕೆಂಡದ ಕುಡಿಕೆಯನ್ನು ಇಟ್ಟುಕೊಂಡು ಗೋಡೆಗೊರಗಿ ಕೂತಿದ್ದರು. ಊಟಕ್ಕೆ ಅನ್ನ, ಹಾಕ್ ಸೊಪ್ಪಿನ ಸಾರು, ಒಣಗಿಸಿದ ಸೋರೆಕಾಯಿಯ ಪಲ್ಯ. ಕೊನೆಗೆ ಒಂದು ಚಿಕ್ಕ ಬಟ್ಟಲಲ್ಲಿ ಒಣಮೀನು.

ಒಣಮೀನು ಕಂಡದ್ದೇ ನನಗೂ ಚಾಚಾಗೂ ಮಾತು ಬಂತು. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲೈ ಕಲಾನ್, ಚಳಿಯ ಅತಿ ಕಠಿಣ ಕಾಲ. ಹಿಂದೆ ರಸ್ತೆ ಮುಚ್ಚಿದರೆ ಹೊರಗಿನಿಂದ ಏನೂ ಬರುತ್ತಿರಲಿಲ್ಲ. ಹಾಗಾಗಿ ಬೇಸಗೆಯಲ್ಲೇ ಬದನೆ, ಸೋರೆ, ಟೊಮೆಟೊ, ಟರ್ನಿಪ್ ಎಲ್ಲವನ್ನೂ ಹೆಚ್ಚಿ, ದಾರಕ್ಕೆ ಪೋಣಿಸಿ ಒಣಗಿಸಿ ಇಡುತ್ತಿದ್ದರು. ನದಿಯ ಸಣ್ಣ ಮೀನನ್ನೂ. ಈಗ ರಸ್ತೆ ಇದೆ, ಅಂಗಡಿ ಇದೆ, ಆದರೂ ಆ ರುಚಿ ಬಿಟ್ಟಿಲ್ಲ. ನಾನು ನಮ್ಮ ಮಳೆಗಾಲದ ಆಸಾಡಿಯ ಕಥೆ ಹೇಳಿದೆ. ಕರಾವಳಿಯ ನಮ್ಮೂರು ಕಿರಿಮಂಜೇಶ್ವರದಲ್ಲಿ ಆ ಕಾಲಕ್ಕೆ ಕಡಲು ಮುಟ್ಟುವ ಹಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಕೊಡೇರಿಯ ಬಂದರಿನಲ್ಲಿ ಎಲ್ಲವೂ ಕಟ್ಟಿ ನಿಲ್ಲುತ್ತವೆ. ಗದ್ದೆಯಲ್ಲಿ ನಾಟಿ, ಮನೆಯಲ್ಲಿ ಬಡತನ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಅಟ್ಟದಲ್ಲಿ ತೂಗುಹಾಕಿದ ಸೌತೆಕಾಯಿ, ಹಪ್ಪಳ, ಸಂಡಿಗೆ, ಡಬ್ಬಿಯೊಳಗಿನ ಒಣಮೀನು, ಇವುಗಳಿಂದಲೇ ಮಳೆಗಾಲ ದಾಟಿಸಿದ ತಲೆಮಾರು ನಮ್ಮ ಅಮ್ಮನದು. ಚಾಚಾ ಅದನ್ನು ತಾಯಿಗೆ ಕಾಶ್ಮೀರಿಯಲ್ಲಿ ಹೇಳಿದರು. ಮುದುಕಿ ತಲೆಯಾಡಿಸಿ, ಇನ್ನೊಂದು ತುಂಡು ಮೀನನ್ನು ನನ್ನ ತಟ್ಟೆಗೆ ಹಾಕಿದರು.

ಮರುದಿನದ ನಡಿಗೆಗೆ ಬೇಕಾದ ಸ್ನೋ ಶೂಗಳು ಬಾಗಿಲ ಬಳಿ ಇದ್ದವು. ಅಲ್ಯೂಮಿನಿಯಂ ಚೌಕಟ್ಟು, ನಡುವೆ ಗಟ್ಟಿ ಪ್ಲಾಸ್ಟಿಕ್ ಹಾಳೆ, ಮುಂಗಾಲಿನ ಅಡಿಗೆ ಕಬ್ಬಿಣದ ಹಲ್ಲು. ಅದನ್ನು ನೋಡಿ ಅಜ್ಜಿ ಒಂದು ಮಾತು ತೆಗೆದರು. ಅವರ ಎಳವೆಯಲ್ಲಿ ಹಿಮಕ್ಕೆ ಹಾಕುತ್ತಿದ್ದುದು ಪುಲ್‌ಹೋರ್, ಬೈಹುಲ್ಲಿನ ಮೆಟ್ಟು. ಭತ್ತ ಒಕ್ಕಿದ ಮೇಲೆ ಉಳಿದ ಹುಲ್ಲನ್ನು ಹೊಸೆದು ಹುರಿ ಮಾಡಿ, ಪಾದದ ಅಳತೆಗೆ ಹೆಣೆಯುವುದು. ಹಿಮದ ಮೇಲೆ ಜಾರುವುದಿಲ್ಲ, ಕಾಲಿಗೆ ಬೆಚ್ಚಗೆ, ಸವೆದರೆ ಹೊಸದು. ಅವರು ಮಡಿಲಲ್ಲಿ ಎರಡು ಕೈಗಳನ್ನು ಉಜ್ಜಿ ಹುರಿ ಹೊಸೆಯುವುದನ್ನು ತೋರಿಸಿದರು. ನಮ್ಮಜ್ಜ ಅಂಗಳದಲ್ಲಿ ಕೂತು ಅಕ್ಕಿ ಮುಡಿ ಕಟ್ಟಲು ಬೈಹುಲ್ಲಿನ ಹಗ್ಗ ಹೊಸೆಯುತ್ತಿದ್ದುದೂ ಥೇಟ್ ಹಾಗೇ. ಅಂಗೈಯ ಆ ಉಜ್ಜು, ಹುಲ್ಲಿನ ಎಳೆ ಸಾಲದಾದಾಗ ಪಕ್ಕದಿಂದ ಇನ್ನೊಂದು ಎಳೆ ಸೇರಿಸುವ ರೀತಿ, ಎಲ್ಲವೂ. ಅನ್ನ ಉಣ್ಣುವ ಎರಡು ನಾಡು. ಭತ್ತ ಕೊಟ್ಟ ಹುಲ್ಲಿನಲ್ಲಿ ಒಬ್ಬರು ಅಕ್ಕಿಯನ್ನು ಮಳೆಯಿಂದ ಕಾಪಾಡಿದರು, ಇನ್ನೊಬ್ಬರು ಪಾದವನ್ನು ಹಿಮದಿಂದ. ಮುಡಿ ಕಟ್ಟಬಲ್ಲವರು ನಮ್ಮ ಕೇರಿಯಲ್ಲಿ ಈಗ ಯಾರೂ ಉಳಿದಿಲ್ಲ. ಪುಲ್‌ಹೋರ್ ಹೆಣೆಯಬಲ್ಲವರು ಅವರ ಹಳ್ಳಿಯಲ್ಲೂ ಇಲ್ಲ.

ಬೆಳಿಗ್ಗೆ ಉಪ್ಪುಚಹಾ ಕುಡಿದು ಹೊರಟೆವು. ಗುಲ್ಮರ್ಗ್ ಬಟ್ಟಲನ್ನು ಹೊರಗಿನಿಂದ ಬಳಸಿ ಹೋಗುವ 11 ಕಿಲೋಮೀಟರಿನ ಸುತ್ತುದಾರಿಯೊಂದಿದೆ. ಬೇಸಗೆಯಲ್ಲಿ ಕುದುರೆ ಸವಾರಿಯ ದಾರಿ. ಚಳಿಗಾಲದಲ್ಲಿ ಎದೆಮಟ್ಟದ ಹಿಮದಡಿ ಮಲಗಿರುತ್ತದೆ. ನಾವು ಅದರ ಒಂದು ತುಂಡನ್ನು ಹಿಡಿದು, ಬಾಬಾ ರೇಷಿ ದರ್ಗಾದ ಕಡೆಗೆ ಇಳಿಯುವ ಕಾಡಿಗೆ ಹೊರಳಿದೆವು. ಈ ಬೆಟ್ಟಗಳ 180 ಚದರ ಕಿಲೋಮೀಟರ್ 1987ರಿಂದ ವನ್ಯಧಾಮ. ಕಸ್ತೂರಿ ಮೃಗ, ಕಂದು ಕರಡಿ, ಕಪ್ಪು ಕರಡಿ, ಚಿರತೆ ಇಲ್ಲಿವೆ.

ಮೊದಲು ಚಾಚಾ ನನ್ನನ್ನು ಬರೀ ಬೂಟಿನಲ್ಲೇ ನಾಲ್ಕು ಹೆಜ್ಜೆ ಹಾಕಿಸಿದರು. ಪ್ರತಿ ಹೆಜ್ಜೆಯೂ ಮೊಣಕಾಲಿನ ಮೇಲಕ್ಕೆ ಹೂತಿತು. ಆಮೇಲೆ ಸ್ನೋ ಶೂ ಕಟ್ಟಿ ಅಲ್ಲೇ ಪಕ್ಕದಲ್ಲಿ ನಡೆಸಿದರು. ನಾನು ಅದೇ ನಾನು, ತೂಕವೂ ಅದೇ. ಆದರೆ ಪಾದ ನಾಲ್ಕು ಬೆರಳಿನಷ್ಟು ಇಳಿದು ನಿಂತುಬಿಟ್ಟಿತು. ಭಾರ ಒಂದೇ ಕಡೆ ಬೀಳದೆ ಹರಡಿಕೊಂಡರೆ ಹಿಮ ಹೊತ್ತುಕೊಳ್ಳುತ್ತದೆ, ಅಷ್ಟೇ ಲೆಕ್ಕ. “ಹಿಮ ಯಾರನ್ನೂ ನುಂಗುವುದಿಲ್ಲ ಸಾಬ್, ನಾವೇ ಚುಚ್ಚಿಕೊಂಡು ಒಳಗೆ ಹೋಗುತ್ತೇವೆ” ಎಂದರು ಚಾಚಾ. ಅಕ್ಕನ ಮಗ ಹಿಂದಿನಿಂದ ಧೈರ್ಯ ಹೇಳುತ್ತಿದ್ದ: “ಬಿದ್ರೆ ಎಂತ ಆತಿಲ್ಲೆ ಮಾವ, ಮೆತ್ತಗಿತ್ತ್.”

ಕಾಡಿನೊಳಗೆ ಚಾಚಾ ಹಾಕಿದ ಕಟ್ಟಳೆ ಎರಡು. ಫರ್ ಮರದ ಬುಡಕ್ಕೆ ಹೋಗಬಾರದು. ಕೆಳಗಿನ ಕೊಂಬೆಗಳು ಹಿಮವನ್ನು ತಡೆಯುವುದರಿಂದ ಬುಡದ ಸುತ್ತ ಪೊಳ್ಳು ಇರುತ್ತದೆ, ಮೇಲೆ ತೆಳ್ಳಗಿನ ಮುಚ್ಚಳ. ಕಾಲಿಟ್ಟರೆ ತಲೆಕೆಳಗಾಗಿ ಒಳಗೆ. ಎರಡನೆಯದು, ಅವರು ಮೂಡಿಸಿದ ಹೆಜ್ಜೆಯ ಮೇಲೆಯೇ ನಮ್ಮ ಹೆಜ್ಜೆ. ಇದು ಬರೀ ನಮ್ಮ ಸುರಕ್ಷೆಗೆ ಎಂದುಕೊಂಡಿದ್ದೆ. ಒಂದು ಕಡೆ ಅವರು ಕೋಲಿನಿಂದ ಹಿಮವನ್ನು ಮೆಲ್ಲಗೆ ಸರಿಸಿ ತೋರಿಸಿದರು. ಗೇಣುದ್ದದ ಫರ್ ಸಸಿ, ಹಿಮದ ಒತ್ತಡಕ್ಕೆ ಒಂದೇ ಕಡೆಗೆ ಬಾಗಿ, ಹಸಿರಾಗಿ ಮಲಗಿತ್ತು. ಸೂಜಿಯೆಲೆಗಳ ನಡುವೆ ಹಿಮದ ಹರಳು. ಮೇಲೆ ಹಿಮ ದಪ್ಪಗಿದ್ದಷ್ಟೂ ಅದಕ್ಕೆ ಬೆಚ್ಚಗೆ, ಏಪ್ರಿಲಿನಲ್ಲಿ ಹಿಮ ಕರಗಿದರೆ ತಾನೇ ನೆಟ್ಟಗಾಗುತ್ತದೆ. ಮನಸ್ಸಿಗೆ ಬಂದಲ್ಲೆಲ್ಲ ನಡೆದರೆ ಇಂಥವುಗಳ ನೆತ್ತಿ ಮುರಿಯುತ್ತದೆ. ತೋರಿಸಿದ ಮೇಲೆ ಅವರು ಆ ಹಿಮವನ್ನು ಕೈಯಿಂದಲೇ ಮತ್ತೆ ಮುಚ್ಚಿದರು.

ಮುಂದೆ ನರಿಯ ಹೆಜ್ಜೆ ಸಿಕ್ಕಿತು. ಒಂದರ ಮುಂದೆ ಒಂದು, ನೂಲು ಹಿಡಿದ ಹಾಗೆ ನೇರ. ಕೆಂಪು ನರಿ ಹಿಂಗಾಲನ್ನು ಮುಂಗಾಲಿನ ಗುರುತಿನಲ್ಲೇ ಇಟ್ಟು ಹೋಗುತ್ತದೆ, ಹೊಸ ಹಿಮ ತುಳಿಯುವ ಶ್ರಮ ಅದಕ್ಕೂ ಬೇಡ. ಒಂದು ಕಡೆ ಸಾಲು ನಿಂತು, ಹಿಮ ಕೆದರಿ, ಮತ್ತೆ ಮುಂದುವರಿದಿತ್ತು. ಅಡಿಯಲ್ಲಿ ಇಲಿಯ ಸದ್ದು ಕೇಳಿರಬೇಕು. ನಮ್ಮ ಘಟ್ಟದ ಕಾಡಿನಲ್ಲಿ ಪ್ರಾಣಿ ಹಾದುಹೋದದ್ದು ಒಣಗಿದ ಎಲೆಯ ಮೇಲೆ ಉಳಿಯುವುದಿಲ್ಲ. ಹಿಮದಲ್ಲಿ ಇರುಳಿಡೀ ನಡೆದದ್ದೆಲ್ಲ ಬೆಳಿಗ್ಗೆಗೆ ಎದುರಿಗಿರುತ್ತದೆ. ಹಿಂತಿರುಗಿ ನೋಡಿದರೆ ನಮ್ಮದೂ ಇತ್ತು. ಮೂವರು ನಡೆದರೂ ಒಂದೇ ಸಾಲು.

ಎತ್ತರಕ್ಕೆ ಹೋಗೋಣವೇ ಎಂದು ಅಕ್ಕನ ಮಗ ಕೇಳಿದ್ದಕ್ಕೆ ಚಾಚಾ ಖಡಾಖಂಡಿತ ಬೇಡ ಎಂದರು. ಅದೇ ಫೆಬ್ರುವರಿ 22ರಂದು ಖಿಲನ್‌ಮರ್ಗ್ ಕಡೆ ಹಿಮ ಕುಸಿದು ಒಬ್ಬ ವಿದೇಶಿ ಸ್ಕೀಯರ್ ತೀರಿಕೊಂಡಿದ್ದರು. ಆ ವರ್ಷದ ಹಿಮವನ್ನೇ ತಾನು ನಂಬುವುದಿಲ್ಲ ಎಂದರು. ಜನವರಿಯ ಬಹುಪಾಲು ಗುಲ್ಮರ್ಗ್ ಬೋಳಾಗಿತ್ತು. ಚಿಲ್ಲೈ ಕಲಾನ್ ಹೆಚ್ಚುಕಡಿಮೆ ಒಣಗಿಯೇ ಕಳೆದು, ತಿಂಗಳ ಕೊನೆಗೆ ಹಿಮ ಶುರುವಾಗಿ, ಆಮೇಲೆ ಒಮ್ಮೆಲೇ ಸುರಿದಿತ್ತು. ಹಿಮ ಬಾರದ ಜನವರಿಯಲ್ಲಿ ಹೋಟೆಲಿನವರು ಗಿರಾಕಿ ಇಲ್ಲವೆಂದು ಅಳುತ್ತಿದ್ದರೆ, ಚಾಚಾನ ಚಿಂತೆ ಗದ್ದೆಯದಾಗಿತ್ತು. ಬೆಟ್ಟದ ಹಿಮವೇ ಅವರ ಭತ್ತಕ್ಕೆ ಜೂನಿನ ನೀರು. ಮರುವರ್ಷವೂ ಹೀಗೇ ಆಗಿ, ಹಿಮವಿಲ್ಲದ ಕಾರಣಕ್ಕೆ 2025ರ ಕ್ರೀಡಾಕೂಟವನ್ನು ಫೆಬ್ರುವರಿಯಿಂದ ಮಾರ್ಚಿಗೆ ಮುಂದೂಡಿದರು.

ಬಾಬಾ ರೇಷಿಯ ದರ್ಗಾ ಹದಿನೈದನೆಯ ಶತಮಾನದ ಸಂತ ಪಯಾಮುದ್ದೀನ್ ರೇಷಿಯದು. ಛಾವಣಿಯಿಂದ ಹಿಮ ದಢ್ ದಢ್ ಎಂದು ಜಾರಿ ಬೀಳುತ್ತಿತ್ತು. ಒಳಗೆ ಹರಕೆ ಹೊತ್ತ ಹೆಂಗಸರು, ಮಕ್ಕಳು. ನಮ್ಮೂರಿನ ದೇವರು ಅಗಸ್ತ್ಯೇಶ್ವರ, ಋಷಿಯೊಬ್ಬರ ಹೆಸರಿನಲ್ಲೇ ದೇವಸ್ಥಾನ ಎಂದೆ. ಚಾಚಾಗೆ ಅದು ಬಹಳ ಹಿಡಿಸಿತು. ಬೆಟ್ಟಕ್ಕೂ ಊರಿಗೂ ನಡುವೆ ಯಾರಾದರೊಬ್ಬ ಹಿರಿಯ ಕೂತಿರಬೇಕು ಎಂದರು.

ಮರಳುವ ಮುಂಚೆ ಗೊಂಡೊಲಾ ಎಂಬ ತಂತಿಗಾಡಿಯಲ್ಲೂ ಹೋದೆವು. ಕೊಂಗ್‌ಡೋರಿಗೆ ಒಂದು ಹಂತ, ಅಲ್ಲಿಂದ ಅಫರ್ವತ್‌ಗೆ ಇನ್ನೊಂದು, ಸುಮಾರು 3,950 ಮೀಟರ್ ಎತ್ತರಕ್ಕೆ. ಮೇಲಿನ ನೋಟ ದೊಡ್ಡದು, ಸುಳ್ಳು ಹೇಳಲಾರೆ. ಆದರೆ ಹತ್ತಿರದ ಹಿಮ ಸಾವಿರಾರು ಕಾಲುಗಳಡಿ ಕಪ್ಪು ಕೆಸರಾಗಿತ್ತು, ಚಿಪ್ಸಿನ ಪೊಟ್ಟಣಗಳು ಅದರಲ್ಲಿ ಅರ್ಧ ಹೂತಿದ್ದವು. ನಿಮಿಷಗಳಲ್ಲಿ ಹತ್ತಿದವರಿಗೆ ಬೆಟ್ಟದ ಜೊತೆ ವ್ಯವಹಾರವೇ ನಡೆದಿರುವುದಿಲ್ಲ. ಉಸಿರು ಖರ್ಚಾಗಿಲ್ಲ, ಹೆಜ್ಜೆ ಎಲ್ಲಿಡಲಿ ಎಂದು ಒಮ್ಮೆಯೂ ಯೋಚಿಸಿಲ್ಲ. ಮುದುಕರು, ಮಕ್ಕಳು, ಕಾಲಿಲ್ಲದವರು ಅಲ್ಲಿ ನಿಂತು ಹಿಮ ಕಂಡು ಅಳುವುದನ್ನೂ ನೋಡಿದೆ, ಅವರಿಗೆ ಆ ತಂತಿ ಇರಲೇಬೇಕು. ನನ್ನಂಥ ಕಾಲು ಗಟ್ಟಿಯಿರುವವರಿಗೆ ಅದು ಎಷ್ಟರಮಟ್ಟಿಗೆ ಬೇಕು ಎಂಬುದು ಬೇರೆ ಪ್ರಶ್ನೆ.

ಆ ಪ್ರಶ್ನೆ ನನ್ನ ಜೊತೆ ಊರಿಗೆ ಬಂತು. ಅಕ್ಕ ಬಾಗಿಲಲ್ಲೇ ಕೇಳಿದ್ದು, “ಅಲ್ಲ್ ಉಂಬುಕೆ ಎಂತ ಕೊಟ್ರ್?” ಒಣಮೀನು ಎಂದದ್ದಕ್ಕೆ ಅವಳು ನಂಬಲೇ ಇಲ್ಲ. ಆ ವರ್ಷದ ಮಳೆ ನಿಂತ ಮೇಲೆ ನಾನು ಕೊಡಚಾದ್ರಿಗೆ ಹೋದೆ. 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ವನ್ಯಧಾಮದ ನೆತ್ತಿ, 1,343 ಮೀಟರ್. ಸಿಂಗಳೀಕಗಳ ಕಾಡು, ಮೇಲೆ ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ. ಹೋಗುವವರಲ್ಲಿ ಹೆಚ್ಚಿನವರು ಕೊಲ್ಲೂರಿನಿಂದ ಜೀಪು ಹತ್ತುತ್ತಾರೆ. ಮಳೆಗಾಲದಲ್ಲಿ ಚಕ್ರ ಕೊರೆದ ಗಾಲಿಜಾಡು ಮೊಣಕಾಲಾಳದ ಚರಂಡಿಯಾಗಿತ್ತು. ಅದರಲ್ಲಿ ಹರಿದ ನೀರು ಕೆಂಪುಮಣ್ಣನ್ನು ಹುಲ್ಲಿನ ಬೇರಿನಡಿಯಿಂದ ಕಿತ್ತು ಒಯ್ದಿತ್ತು. ಒಂದು ಕಡೆ ಹುಲ್ಲಿನ ಅಂಚು ಕುಸಿದು ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಹಿಮ ಭಾರವನ್ನು ಆ ಕ್ಷಣವೇ ತೋರಿಸುತ್ತದೆ. ನಮ್ಮ ಮಣ್ಣು ಸುಮ್ಮನೆ ತಾಳಿಕೊಂಡಿದ್ದು ಆಸಾಡಿ ಮಳೆ ಬಂದಾಗ ಲೆಕ್ಕ ಒಪ್ಪಿಸುತ್ತದೆ. ಅಷ್ಟು ಹೊತ್ತಿಗೆ ತುಳಿದವರು ಯಾರೂ ಅಲ್ಲಿರುವುದಿಲ್ಲ.

ಜೀಪಿನವರ ಮೇಲೆ ನನಗೆ ಕೋಪವಿಲ್ಲ. ಅವರು ನಮ್ಮವರೇ, ಆ ಬಾಡಿಗೆಯಲ್ಲೇ ಮಕ್ಕಳ ಫೀಸು ಕಟ್ಟುವವರು. ಮಂಡಿನೋವಿನ ಅಜ್ಜಿಯಂದಿರಿಗೂ ಬೆಟ್ಟದ ಮೇಲಿನ ಮೂಲ ಮೂಕಾಂಬಿಕೆಯ ದರ್ಶನ ಬೇಕು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಚಿತ್ರಗಳನ್ನು ಕಂಡ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಮುಂಗಡ ನೋಂದಣಿ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ತಂದಿತು. ಅದು ಬೇಕಾಗಿತ್ತು, ನಾನು ಪೂರ್ತಿ ಒಪ್ಪುತ್ತೇನೆ. ಆದರೆ ತಲೆ ಎಣಿಸುವುದರ ಜೊತೆಗೆ ಹೆಜ್ಜೆ ಇಡುವುದನ್ನು ಕಲಿಸುವವರೂ ಬೇಕು. ಸಸಿಯನ್ನು ತೋರಿಸಿ ಮತ್ತೆ ಮುಚ್ಚುವಂಥವರು. ನಮ್ಮ ಘಟ್ಟದ ಬುಡದ ಹಳ್ಳಿಗಳಲ್ಲಿ ಕಾಡನ್ನು ಹಾಗೆ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರನ್ನು ಚಾರಣಿಗರ ಮುಂದೆ ನಡೆಸಿದರೆ ಕಾಡಿಗೂ ಒಳಿತು, ಅವರ ಮನೆಗೂ ನಾಲ್ಕು ಕಾಸು.

2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರು 26 ಜನರನ್ನು ಗುಂಡಿಕ್ಕಿ ಕೊಂದರು. ಅವರಲ್ಲಿ ಶಿವಮೊಗ್ಗದವರಿದ್ದರು. ಅಲ್ಲಿಯ ಕುದುರೆಯವನೂ ಒಬ್ಬನಿದ್ದ. ಮರುದಿನ ಬೆಳಿಗ್ಗೆ ಚಾಚಾನ ಫೋನು. ಸತ್ತವರಲ್ಲಿ ನಿಮ್ಮ ಕಡೆಯವರಿದ್ದಾರಂತೆ, ನಿಮಗೆ ಗೊತ್ತಿದ್ದವರೇ ಎಂದು ಕೇಳಿದರು. ಗೊತ್ತಿರಲಿಲ್ಲ, ಆದರೂ ನಮ್ಮವರೇ ಎಂದೆ. ನಮಗೂ ಎಂದರು. ಇಬ್ಬರಿಗೂ ಮಾತು ಮುಂದೆ ಹೋಗಲಿಲ್ಲ. ಆ ಬೇಸಗೆ ಅವರಿಗೆ ಕೆಲಸವಿರಲಿಲ್ಲ, ಗದ್ದೆಯಿದ್ದುದರಿಂದ ಬದುಕಿದೆವು ಎಂದು ಆಮೇಲೆ ಹೇಳಿದರು.

ಈಗ ಆಗಾಗ ಮಾತಾಡುತ್ತೇವೆ. ಮಳೆ ಹೇಗಿದೆ ಎಂದು ಅವರು, ಹಿಮ ಬಿತ್ತೇ ಎಂದು ನಾನು. ಅಜ್ಜಿ ಕೇಳಿದರಂತೆ, ಆ ಕಡಲಿನವರು ಇನ್ನೂ ಒಣಮೀನು ತಿನ್ನುತ್ತಾರೆಯೇ ಎಂದು. ಕಳೆದ ಸಲ ಚಾಚಾ ತಾವೂ ಕಡಲು ನೋಡಿಲ್ಲ, ಒಮ್ಮೆ ಬರಬೇಕು ಎಂದರು. ಜೂನ್ ಜುಲೈಯಲ್ಲಿ ಬೇಡ, ದೀಪಾವಳಿ ಕಳೆದು ಬನ್ನಿ ಎಂದಿದ್ದೇನೆ. ಆಗ ಮಳೆ ನಿಂತಿರುತ್ತದೆ, ಕೊಡೇರಿಗೆ ಬೆಳಿಗ್ಗೆ ಹೋದರೆ ತಾಜಾ ಬಂಗುಡೆ ಸಿಗುತ್ತದೆ, ಅಕ್ಕ ಕುಚ್ಚಲಕ್ಕಿ ಅನ್ನದ ಜೊತೆ ಸಾರು ಮಾಡುತ್ತಾಳೆ. ಕೊಡಚಾದ್ರಿಗೆ ನಡೆದೇ ಹೋಗೋಣ, ಜೀಪು ಬೇಡ ಎಂದೂ ಹೇಳಿದೆ. ಜಿಗಣೆ ಇರುತ್ತದೆಯೇ ಎಂದು ಕೇಳಿದರು. ಮಳೆ ಬೇಗ ನಿಂತರೆ ಇರುವುದಿಲ್ಲ ಎಂದೆ.